ಫೇಸ್‌ಬುಕ್, ವಾಟ್ಸಾಪ್‌ಗೂ ಆರ್ಕುಟ್ ಗತಿ ಬರುತ್ತಾ?

ಇಷ್ಟು ದೊಡ್ಡದಾಗಿ ಬೆಳೆದ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್‌ಗಳನ್ನು ಅಲುಗಾಡಿಸೋರು ಯಾರಾದರೂ ಬರುತ್ತಾರಾ ಅಂತ ಕೇಳಿದ್ದೀರಿ. 2007ರಲ್ಲಿ ಇದೇ ಮಾತನ್ನು ಗೂಗಲ್‌ನ ಸೋಶಿಯಲ್ ತಾಣ ಆರ್ಕುಟ್ ಬಗ್ಗೆ ಕೇಳಿದ್ದರೆ, ಸಾಧ್ಯವೇ ಇಲ್ಲ ಅಂತಿದ್ದೆ.

ಆಗ ನಾನು ದಾವಣಗೆರೆಯಲ್ಲಿ ಓದುತ್ತಿದ್ದೆ. ಕಾಲೇಜು ಬಿಟ್ಟ ಕೂಡಲೇ ಸೈಬರ್ ಕೆಫೆಗೆ ಹೋಗಿ, ರಿಜಿಸ್ಟರ್‌ನಲ್ಲಿ ಹೆಸರು ಬರೆದು, ಮೊದಲು ತೆರೆಯುತ್ತಿದ್ದದ್ದೇ ಆರ್ಕುಟ್‌ನ ಸ್ಕ್ರ್ಯಾಪ್‌ಬುಕ್, ಅಂದರೆ ಗೆಳೆಯರು ನಮಗೆ ಸಂದೇಶ (ಸ್ಕ್ರ್ಯಾಪ್) ಬರೆಯುವ ಪುಟ. ಗೆಳೆಯ ನನ್ನ ಪುಟದಲ್ಲಿ ಬರೆದರೆ, ಉತ್ತರವನ್ನು ಅವನ ಪುಟಕ್ಕೆ ಹೋಗಿ ಬರೆಯಬೇಕಿತ್ತು. ಹಾಗಾಗಿ ಇಬ್ಬರ ಮಾತುಕತೆ ಓದಬೇಕೆಂದರೆ ಎರಡೂ ಪುಟ ತೆರೆದಿಟ್ಟುಕೊಂಡು ಒಂದೊಂದೇ ಸಾಲು ಜೋಡಿಸಿಕೊಳ್ಳುತ್ತಿದ್ದೆವು. ಟೆಸ್ಟಿಮೋನಿಯಲ್, ಅಂದರೆ ನಮ್ಮ ಬಗ್ಗೆ ನಾಲ್ಕು ಒಳ್ಳೆ ಮಾತು, ಬರೆದುಕೊಡು ಅಂತ ಒಬ್ಬರ ಹಿಂದೆ ಒಬ್ಬರು ಬೀಳುತ್ತಿದ್ದೆವು.

2010ರ ಹೊತ್ತಿಗೆ, ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು ಒಬ್ಬೊಬ್ಬರೇ ಫೇಸ್‌ಬುಕ್‌ಗೆ ಹೋದರು. ಯಾರೂ ಆರ್ಕುಟ್ ಖಾತೆ ಮುಚ್ಚಲಿಲ್ಲ. ಸುಮ್ನೆ ಬರೋದು ಬಿಟ್ಟರು. ನಾನು ಹಾಕಿದ ಸ್ಕ್ರ್ಯಾಪ್‌ಗೆ ಎರಡು ವಾರವಾದರೂ ಉತ್ತರ ಬಾರದಿದ್ದಾಗ ನಾನೂ ಹೊರಟೆ. ಗೂಗಲ್ ಅದನ್ನು ಮುಚ್ಚಿದ್ದು 2014ರ ಸೆಪ್ಟೆಂಬರ್ 30ಕ್ಕೆ. ನಮ್ಮ ಮಟ್ಟಿಗೆ ಅದು ನಾಲ್ಕು ವರ್ಷ ಮೊದಲೇ ಮುಗಿದಿತ್ತು. ಅಷ್ಟು ದೊಡ್ಡ ಕಂಪನಿ ಬೆನ್ನಿಗಿದ್ದೂ ಉಳಿಯಲಿಲ್ಲ ಅಲ್ವಾ?

ಈಗಿನ ಆಟ ಮಾತ್ರ ಬೇರೆ. ಜನ ಮುಂದೆ ಎಲ್ಲಿ ಸೇರುತ್ತಾರೋ ಆ ಜಾಗವನ್ನೇ ಫೇಸ್‌ಬುಕ್ ಕೊಂಡುಬಿಟ್ಟಿತು. 2012ರಲ್ಲಿ 100 ಕೋಟಿ ಡಾಲರ್‌ಗೆ ಇನ್‌ಸ್ಟಾಗ್ರಾಮ್, 2014ರಲ್ಲಿ ಸುಮಾರು 1,900 ಕೋಟಿ ಡಾಲರ್‌ಗೆ ವಾಟ್ಸಾಪ್. ನನ್ನ ಅಕ್ಕನ ಮಗಳು ಫೇಸ್‌ಬುಕ್ ಮುಟ್ಟೋದೇ ಇಲ್ಲ, ಬಿಡುವು ಸಿಕ್ಕರೆ ಇನ್‌ಸ್ಟಾದಲ್ಲಿರುತ್ತಾಳೆ. ಮನೆ ಬದಲಾಯಿತು, ಓನರ್ ಅವರೇ. ಟಿಕ್‌ಟಾಕ್ ಗಟ್ಟಿ ಎದುರಾಳಿಯಾಗಿತ್ತು. ನಮ್ಮಲ್ಲಿ ಅದನ್ನು ನಿಲ್ಲಿಸಿದ್ದು ಸರ್ಕಾರ, 2020ರ ಜೂನ್ 29ಕ್ಕೆ. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಮ್ ಇಲ್ಲಿ ರೀಲ್ಸ್ ಶುರು ಮಾಡಿತು.

ನನಗೆ ನಿಜಕ್ಕೂ ಬೇಸರ ತಂದದ್ದು ಟ್ವಿಟರ್ ಥರದ ‘ಕೂ’ (Koo) ಆ್ಯಪ್‌ನ ಕಥೆ. ಬೆಂಗಳೂರಿನಲ್ಲಿ ಹುಟ್ಟಿ, ಮೊದಲು ಕನ್ನಡದಲ್ಲೇ ಶುರುವಾದ ತಾಣ ಅದು. ಕನ್ನಡದಲ್ಲಿ ಬರೆದರೆ ಓದೋರು ಸಿಗುತ್ತಾರೆ ಅಂತ ಖುಷಿಯಿಂದ ಸೇರಿದ್ದೆ. ನಮ್ಮ ಹಳೇ ಗುಂಪಿನವರು ಮಾತ್ರ ಯಾರೂ ಬರಲಿಲ್ಲ. ಮಾರಾಟದ ಮಾತುಕತೆ ಮುರಿದುಬಿದ್ದು, 2024ರ ಜುಲೈನಲ್ಲಿ ಅದು ಬಾಗಿಲು ಹಾಕಿತು.

ನನ್ನ ಲೆಕ್ಕದಲ್ಲಿ ಫೇಸ್‌ಬುಕ್ ಇದ್ದಕ್ಕಿದ್ದಂತೆ ಮುಚ್ಚೋದಿಲ್ಲ, ನಮ್ಮ ವಯಸ್ಸಿನವರ ಜೊತೆ ಅದಕ್ಕೂ ವಯಸ್ಸಾಗುತ್ತೆ. ವಾಟ್ಸಾಪ್ ಅಲುಗಾಡಿಸೋದು ಎಲ್ಲಕ್ಕಿಂತ ಕಷ್ಟ. ಅಲ್ಲಿರೋದು ಬರೀ ಹರಟೆಯಲ್ಲ. ಮಗನ ಶಾಲೆಯ ಹೋಮ್‌ವರ್ಕ್, ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಲೆಕ್ಕ, ಊರಲ್ಲಿ ಅಮ್ಮನಿಗೆ ಮಾತ್ರೆ ತಲುಪಿಸೋ ಮೆಡಿಕಲ್ ಶಾಪ್, ಎಲ್ಲ ಅಲ್ಲೇ. 2021ರ ಜನವರಿಯಲ್ಲಿ ಅದರ ಪ್ರೈವೆಸಿ ಪಾಲಿಸಿ ಗಲಾಟೆ ಎದ್ದಾಗ ನಾನು ಸಿಗ್ನಲ್ ಅನ್ನೋ ಇನ್ನೊಂದು ಮೆಸೇಜಿಂಗ್ ಆ್ಯಪ್ ಹಾಕಿಕೊಂಡೆ. ಗೆಳೆಯರು ಹತ್ತು ಜನ ಬಂದರು. ಮೆಡಿಕಲ್ ಶಾಪ್‌ನವರು ಬರಲಿಲ್ಲ. ಅಮ್ಮನ ಬಿಪಿ ಮಾತ್ರೆ ಚೀಟಿ ಕಳಿಸೋಕೆ ಮತ್ತೆ ವಾಟ್ಸಾಪನ್ನೇ ತೆರೆದೆ.