ದೊಡ್ಡಪ್ಪನ ಪೆಟ್ಟಿಗೆಯ ರಿವಾಲ್ವರ್ ಅಸಲಿಯೇ? ಎಷ್ಟು ಬೆಲೆ ಬಾಳುತ್ತದೆ?

ನೀವು ಕೇಳಿದ್ದು ಇದು: ಓಹಿಯೊದಲ್ಲಿದ್ದ ದೊಡ್ಡಪ್ಪ ತೀರಿಕೊಂಡರು. ಅವರ ಬೀರುವಿನಲ್ಲಿ ಅಮೆರಿಕದ ಬಂದೂಕು ಕಂಪನಿ ಸ್ಮಿತ್ ಅಂಡ್ ವೆಸನ್‌ನ 125ನೇ ವರ್ಷದ ನೆನಪಿನ ರಿವಾಲ್ವರ್ ಸಿಕ್ಕಿದೆ. ಅಸಲಿಯೇ, ಎಷ್ಟು ಬೆಲೆ ಬಾಳುತ್ತದೆ, ತಿಪಟೂರಿಗೆ ತರಬಹುದೇ ಅಂತ. ಅಲ್ಲಿರುವ ನಿಮ್ಮ ಅಣ್ಣನ ಹತ್ತಿರ ಇರುವ ಅದರ ಫೋಟೊನೂ ಹಾಕಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಬಂದೂಕಿನವನಲ್ಲ. ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ದುಡಿದವನು. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಸ್ಕ್ರೂ ನೋಡುವುದೇ ಕೆಲಸವಾಗಿತ್ತು. ಆದರೆ ಟೆಕ್ಸಾಸ್‌ನಲ್ಲಿರುವ ನಮ್ಮ ಅಳಿಯ ಇದೇ ರಿವಾಲ್ವರ್ ಕೊಂಡು ಏಮಾರಿದ್ದರು. ಮಗಳ ಮನೆಗೆ ಹೋಗಿದ್ದಾಗ ಅದನ್ನು ಇಂಚಿಂಚೂ ನೋಡಿದ್ದೇನೆ.

ಕಂಪನಿ ಶುರುವಾದದ್ದು 1852ರಲ್ಲಿ. 125 ವರ್ಷ ತುಂಬಿದ್ದು 1977ರಲ್ಲಿ. ಆಗ ಮಾಡಿದ್ದು ಇದು, ಮಾಡೆಲ್ 25-3. ಆರೂವರೆ ಇಂಚಿನ ಬ್ಯಾರೆಲ್, .45 ಕೋಲ್ಟ್ ಗುಂಡು. ಸುಮಾರು 10,000 ಮಾಡಿದರು. ಇಲ್ಲೇ ನಿಮ್ಮ ಆಸೆಗೆ ಸ್ವಲ್ಪ ತಣ್ಣೀರು. ಹತ್ತು ಸಾವಿರ ಅಂದರೆ ಅಪರೂಪ ಅಲ್ಲ. ಕೊಂಡವರೆಲ್ಲ 'ಮುಂದೆ ಬೆಲೆ ಬರುತ್ತೆ' ಅಂತ ಜೋಪಾನವಾಗಿ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟರೆ ಬೆಲೆ ಎಲ್ಲಿಂದ ಬರಬೇಕು, ಅಲ್ವಾ?

ಹಾಗಾಗಿ ಇಂಥದ್ದರಲ್ಲಿ ಬರೀ ರಿವಾಲ್ವರಿಗೆ ಬೆಲೆ ಕಡಿಮೆ. ಪೂರ್ತಿ ಸೆಟ್ಟಿಗೆ ಬೆಲೆ. ಮರದ ಪೆಟ್ಟಿಗೆ, ಕಂಪನಿಯ ಇತಿಹಾಸದ ಪುಸ್ತಕ, ಪದಕ, ಹೊರಗಿನ ರಟ್ಟಿನ ಡಬ್ಬ, ಕಾಗದಪತ್ರ. ದೊಡ್ಡಪ್ಪನ ಬೀರುವಿನ ಮೂಲೆಯಲ್ಲಿ ಹಳೇ ರಟ್ಟು ಕಂಡರೆ ದಯವಿಟ್ಟು ಕಸಕ್ಕೆ ಹಾಕಬೇಡಿ. ನಮ್ಮ ಅಳಿಯ ಏಮಾರಿದ್ದು ಅಲ್ಲೇ. ಸೆಟ್ಟಿನ ದುಡ್ಡು ಕೊಟ್ಟಿದ್ದರು. ಮನೆಗೆ ತಂದು ನೋಡಿದರೆ ಡಬ್ಬದ ಮೇಲಿನ ನಂಬರೇ ಬೇರೆ, ರಿವಾಲ್ವರಿನ ನಂಬರೇ ಬೇರೆ! ಯಾರದೋ ಡಬ್ಬಕ್ಕೆ ಇನ್ಯಾರದೋ ರಿವಾಲ್ವರ್ ಸೇರಿಸಿ ಮಾರಿದ್ದರು.

ನಂಬರ್ ಹಿಡಿಯ ತಳದಲ್ಲಿ ಇರುತ್ತದೆ. ಗುಂಡು ತುಂಬುವ, ತಿರುಗುವ ಸಿಲಿಂಡರನ್ನು ಪಕ್ಕಕ್ಕೆ ತೆರೆದರೆ ಒಳಗೆ ಮಾಡೆಲ್ ನಂಬರ್ ಕಾಣುತ್ತದೆ. ಇಷ್ಟು ಮಾಡುವ ಮುಂಚೆ ಗೊತ್ತಿರುವವರ ಕೈಯಲ್ಲಿ ಗುಂಡು ಇಲ್ಲ ಅಂತ ಖಾತ್ರಿ ಮಾಡಿಸಿ.

ಆಮೇಲೆ ಪಾಲಿಶ್. ಇದು ನನ್ನ ಸೀಮೆ. ಹಳೇ ಎಚ್‌ಎಂಟಿ ಪೈಲಟ್ ವಾಚುಗಳಿಗೆ ಹೊಸ ಬಣ್ಣ ಬಳಿದು 'ಒರಿಜಿನಲ್' ಅಂತ ಮಾರುತ್ತಾರೆ ನೋಡಿ, ಅದೇ ಆಟ ಇಲ್ಲೂ. ಅಸಲಿ ಫಿನಿಶ್ ಇದ್ದರೆ ಕೊರೆದ ಅಕ್ಷರದ ಅಂಚು ಬೆರಳಿಗೆ ಚುರುಕಾಗಿ ತಾಗುತ್ತದೆ. ಮತ್ತೆ ಉಜ್ಜಿ ಬಣ್ಣ ಹಾಕಿದ್ದರೆ ಅಂಚು ಸವೆದು ನುಣ್ಣಗಾಗಿರುತ್ತದೆ. ಸ್ಕ್ರೂ ಕೂತ ಜಾಗ ಸಣ್ಣ ಬಟ್ಟಲಿನ ಹಾಗೆ ತಗ್ಗಾಗಿರುತ್ತದೆ. ಸ್ಕ್ರೂ ತಲೆಯ ಗೀರು ಕಿತ್ತಿದ್ದರೆ ಯಾರೋ ಬಿಚ್ಚಿದ್ದಾರೆ ಅಂತಲೇ ಲೆಕ್ಕ.

ಗುಂಡು ಹೊಡೆದಿದ್ದಾರಾ ಇಲ್ಲವಾ ಅನ್ನುವುದು ದೊಡ್ಡ ಪ್ರಶ್ನೆ. ಹೊಡೆದಿದ್ದರೆ ಅದು ಚಿನ್ನದ ಬಣ್ಣದ ಅಕ್ಷರ ಇರುವ ಮಾಮೂಲಿ ರಿವಾಲ್ವರ್, ಅಷ್ಟೇ. ಸ್ವಲ್ಪ ಮಸಿ ಕಂಡ ತಕ್ಷಣ ಗಾಬರಿ ಬೇಡ. ಫ್ಯಾಕ್ಟರಿಯಲ್ಲೇ ಪರೀಕ್ಷೆಗೆ ಹೊಡೆದಿರುತ್ತಾರೆ. ಸಿಲಿಂಡರ್ ಸುತ್ತ ಉಂಗುರದಂಥ ಗೆರೆ ಇದೆಯಾ ನೋಡಿ. ಗುಂಡೇ ಹಾರಿಸದೆ, ಮನೆಗೆ ಬಂದವರಿಗೆಲ್ಲ ಟಿಕ್ ಟಿಕ್ ಅಂತ ತಿರುಗಿಸಿ ತೋರಿಸಿದರೂ ಆ ಗೆರೆ ಬೀಳುತ್ತದೆ. ಬೆಲೆಯೂ ಇಳಿಯುತ್ತದೆ.

ಈಗ ನಿಮ್ಮ ಫೋಟೊ ವಿಷಯ. ಬ್ಯಾರೆಲ್ ಮೇಲೆ ಕುಂಕುಮದ ಬೊಟ್ಟು ಇದೆಯಲ್ಲ! ನಿಮ್ಮ ಅಣ್ಣ ಅಲ್ಲಿ ಆಯುಧಪೂಜೆ ಮಾಡಿದ್ದಾರೆ ಅನ್ನಿಸುತ್ತೆ. ಭಕ್ತಿ ಒಳ್ಳೆಯದೇ, ನಾವೂ ಫ್ಯಾಕ್ಟರಿಯಲ್ಲಿ ಮಷೀನಿಗೆಲ್ಲ ಹಚ್ಚುತ್ತಿದ್ದೆವು. ಆದರೆ ನೀಲಿ ಪಾಲಿಶಿನ ಮೇಲೆ ಒದ್ದೆ ಕುಂಕುಮ ಕೂತರೆ ತುಕ್ಕು ಹಿಡಿಯುತ್ತದೆ. ಮೆತ್ತನೆ ಬಟ್ಟೆಗೆ ಒಂದು ತೊಟ್ಟು ಗನ್ ಎಣ್ಣೆ ಹಾಕಿ ಮೆಲ್ಲಗೆ ಒರೆಸಲಿ. ಹಿತ್ತಾಳೆ ತಿಕ್ಕುವ ಬ್ರಾಸೊ ಮಾತ್ರ ಮುಟ್ಟಿಸಬೇಡಿ.

ಬೆಲೆಗೆ ಗನ್‌ಬ್ರೋಕರ್ ಅನ್ನುವ ಅಮೆರಿಕದ ಬಂದೂಕು ಹರಾಜಿನ ಸೈಟಿನಲ್ಲಿ ನೋಡಿ. ಮಾರುವವರು ಕೇಳುವ ರೇಟು ಬಿಡಿ, ಅದು ಸುಮ್ನೆ. ಮಾರಾಟವಾಗಿ ಮುಗಿದವುಗಳ ರೇಟು ನೋಡಿ. ಅನುಮಾನ ಉಳಿದರೆ ಸ್ಮಿತ್ ಅಂಡ್ ವೆಸನ್ ಹಿಸ್ಟಾರಿಕಲ್ ಫೌಂಡೇಶನ್‌ಗೆ ದುಡ್ಡು ಕಟ್ಟಿ ನಂಬರ್ ಕೊಡಬಹುದು. ಯಾವಾಗ, ಎಲ್ಲಿಗೆ ಕಳಿಸಿದ್ದು ಅಂತ ಕಡತ ನೋಡಿ ಪತ್ರ ಕೊಡುತ್ತಾರೆ.

ತಿಪಟೂರಿಗೆ ತರುವ ಯೋಚನೆ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತರುವುದೂ ತಪ್ಪು, ಇಟ್ಟುಕೊಳ್ಳುವುದೂ ತಪ್ಪು. ಕೆಲಸಕ್ಕೆ ಬಾರದ ಹಳೇ ಆಯುಧಕ್ಕೆ ಇರುವ ವಿನಾಯಿತಿ ಇದಕ್ಕೆ ಸಿಗುವುದಿಲ್ಲ, ಇದು ಗುಂಡು ಹಾರಿಸುವ ಸ್ಥಿತಿಯಲ್ಲೇ ಇದೆ. ಅಲ್ಲೇ ಲೈಸೆನ್ಸ್ ಇರುವ ಡೀಲರ್ ಮೂಲಕ ನಿಮ್ಮ ಅಣ್ಣನೇ ಮಾರಲಿ. ಪದಕ, ಪುಸ್ತಕ ನೆನಪಿಗೆ ಇಲ್ಲಿಗೆ ತರಿಸೋಣ ಅನ್ನಿಸಬಹುದು, ತರಿಸಬೇಡಿ, ಸೆಟ್ಟು ಒಡೆಯುತ್ತದೆ.

ಕುಂಕುಮ ಒರೆಸಿದ ಮೇಲೆ ಹಿಡಿಯ ತಳ, ಸಿಲಿಂಡರಿನ ಸುತ್ತ, ಸ್ಕ್ರೂಗಳು, ಮೂರರ ಫೋಟೊ ಹಗಲು ಬೆಳಕಿನಲ್ಲಿ ತೆಗೆಸಿ ಹಾಕಿ. ನಂಬರಿನ ಕೊನೆಯ ಎರಡು ಅಂಕಿ ಮುಚ್ಚಿ. ನೋಡಿ ಹೇಳುತ್ತೇನೆ.