ಕಾವಿನ ಪೆಟ್ಟಿಗೆಯಲ್ಲಿ ಕೋಳಿ ಮತ್ತು ಟರ್ಕಿ ಮೊಟ್ಟೆಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಣ್ಣ ಇನ್‌ಕ್ಯುಬೇಟರಿನಲ್ಲಿ ಕೋಳಿ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದೇನೆ. ಉಷ್ಣಾಂಶವನ್ನೂ ತೇವಾಂಶವನ್ನೂ ಕೈಪಿಡಿಯಲ್ಲಿ ಹೇಳಿದಷ್ಟೇ ಇಟ್ಟರೂ ಪ್ರತಿ ಸಲ ಹಲವು ಮರಿಗಳು ಪೂರ್ತಿ ಬೆಳೆದು, ಚಿಪ್ಪು ಒಡೆಯದೆ ಒಳಗೇ ಸತ್ತಿರುತ್ತವೆ. ಒಡೆದು ನೋಡಿದರೆ ಮರಿ ಊದಿಕೊಂಡು, ಸುತ್ತಲೂ ನೀರು ನಿಂತಿರುತ್ತದೆ. ತಪ್ಪು ಎಲ್ಲಿದೆ?

ಉತ್ತರ: ಊದಿದ ಮರಿ ಮತ್ತು ನಿಂತ ನೀರು, ಇವೆರಡರಲ್ಲೇ ನಿಮ್ಮ ಪ್ರಶ್ನೆಯ ಉತ್ತರವಿದೆ. ಮೊಟ್ಟೆಯಿಂದ ಹೊರಹೋಗಬೇಕಾಗಿದ್ದಷ್ಟು ನೀರು ಹೋಗಿಲ್ಲ. ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ನೀರಾವಿ ಹೊರಹೋಗುತ್ತ, ಖಾಲಿಯಾದ ಜಾಗಕ್ಕೆ ಗಾಳಿ ಬಂದು ಸೇರುವುದರಿಂದ ಮೊಟ್ಟೆಯ ಅಗಲ ತುದಿಯಲ್ಲಿರುವ ಗಾಳಿಕೋಶ ದಿನೇದಿನೇ ದೊಡ್ಡದಾಗುತ್ತದೆ. ಮರಿ ಚಿಪ್ಪನ್ನು ಕುಕ್ಕುವ ಮೊದಲು ಒಳಪೊರೆಯನ್ನು ಹರಿದು, ಈ ಕೋಶದ ಗಾಳಿಯಿಂದಲೇ ಮೊದಲ ಬಾರಿಗೆ ಶ್ವಾಸಕೋಶ ತುಂಬಿ ಉಸಿರಾಡುತ್ತದೆ. ಪೆಟ್ಟಿಗೆಯೊಳಗಿನ ಗಾಳಿ ಬಹಳ ತೇವವಾಗಿದ್ದರೆ ಕೋಶ ಚಿಕ್ಕದಾಗಿಯೇ ಉಳಿಯುತ್ತದೆ. ಆಗ ಮರಿಗೆ ಹೊರಳಲು ಜಾಗವೂ ಸಾಲದು, ಉಸಿರೂ ಸಾಲದು. ತೇವ ಬಹಳ ಕಡಿಮೆಯಾದರೆ ಇದಕ್ಕೆ ವಿರುದ್ಧವಾದ ತೊಂದರೆ ಬರುತ್ತದೆ: ಮರಿ ಕೃಶವಾಗಿ, ಒಣಗಿದ ಪೊರೆಗೆ ಅಂಟಿಕೊಂಡು ಸಾಯುತ್ತದೆ.

ಮೊದಲ 18 ದಿನ ಶೇ. 45ರಿಂದ 55ರಷ್ಟು, ಕೊನೆಯ 3 ದಿನ ಶೇ. 65ರಿಂದ 70ರಷ್ಟು ತೇವಾಂಶವಿರಲಿ ಎನ್ನುವುದು ಸಾಮಾನ್ಯ ಸೂಚನೆ. ಆದರೆ ಚಿಪ್ಪಿನ ದಪ್ಪವೂ ರಂಧ್ರಗಳ ಸಂಖ್ಯೆಯೂ ಎಲ್ಲ ಮೊಟ್ಟೆಗಳಲ್ಲಿ ಒಂದೇ ಆಗಿರುವುದಿಲ್ಲ. ಅಗ್ಗದ ಮಾಪಕಗಳು ತೋರಿಸುವ ಅಂಕಿಯೂ ಅನೇಕ ವೇಳೆ ನಿಜಕ್ಕಿಂತ ದೂರವಿರುತ್ತದೆ. ಒಂದು ಮುಚ್ಚಳದಲ್ಲಿ ಉಪ್ಪು ಹಾಕಿ, ಅದು ಕರಗದೆ ಒದ್ದೆಯಾಗುವಷ್ಟು ಮಾತ್ರ ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಅರ್ಧ ದಿನ ಮುಚ್ಚಿಡಿ. ಒಳಗಿನ ತೇವಾಂಶ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ ಬೇರೇನಾದರೂ ತೋರಿಸಿದರೆ ಆ ವ್ಯತ್ಯಾಸವನ್ನು ಬರೆದಿಟ್ಟುಕೊಂಡು, ಮುಂದೆ ಓದುವಾಗಲೆಲ್ಲ ಲೆಕ್ಕಕ್ಕೆ ಹಿಡಿಯಿರಿ.

ಇದಕ್ಕಿಂತಲೂ ನಂಬಬಹುದಾದ ಸಾಧನವೆಂದರೆ ತಕ್ಕಡಿ. ಕೋಳಿ ಮೊಟ್ಟೆ 18ನೆಯ ದಿನದ ಹೊತ್ತಿಗೆ ತನ್ನ ಮೊದಲಿನ ತೂಕದಲ್ಲಿ ಸುಮಾರು ಶೇ. 12ರಷ್ಟನ್ನು ಕಳೆದುಕೊಳ್ಳಬೇಕು. ಹಾಗೆಂದರೆ 60 ಗ್ರಾಂ ಮೊಟ್ಟೆ 53 ಗ್ರಾಂ ಆಸುಪಾಸಿಗೆ ಬರಬೇಕು. ಕೆಲವು ಮೊಟ್ಟೆಗಳ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿ, ಕಾವಿಗೆ ಇಡುವ ದಿನ ಮತ್ತು ಆಮೇಲೆ 6, 12 ಹಾಗೂ 18ನೆಯ ದಿನಗಳಲ್ಲಿ ತೂಗಿ. ಆರನೆಯ ದಿನಕ್ಕೆ ಶೇ. 4ರಷ್ಟು ಇಳಿದಿದ್ದರೆ ದಾರಿ ಸರಿಯಾಗಿದೆ. ಅದಕ್ಕಿಂತ ಕಡಿಮೆ ಇಳಿದಿದ್ದರೆ ನೀರಿನ ತಟ್ಟೆಯನ್ನು ಚಿಕ್ಕದು ಮಾಡಿ, ಹೆಚ್ಚು ಇಳಿದಿದ್ದರೆ ಅಗಲವಾದ ತಟ್ಟೆ ಇಡಿ. ಆವಿಯ ಪ್ರಮಾಣವನ್ನು ನಿರ್ಧರಿಸುವುದು ನೀರಿನ ಮೇಲ್ಮೈ, ಆಳವಲ್ಲ. ಈ ತೂಕದ ಲೆಕ್ಕವನ್ನು ಇಟ್ಟುಕೊಳ್ಳದೆ ಕೈಪಿಡಿಯ ಒಂದೇ ಅಂಕಿಯನ್ನು ನಂಬಿ ಕೂರುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ಜೊತೆಗೆ, ಮೊಟ್ಟೆಗಳ ಚೂಪು ತುದಿ ಯಾವತ್ತೂ ಮೇಲಕ್ಕಿರಬಾರದು. ಹಾಗಿಟ್ಟರೆ ಮರಿಯ ತಲೆ ಗಾಳಿಕೋಶವಿಲ್ಲದ ಕಡೆಗೆ ತಿರುಗಿಕೊಳ್ಳುವ ಸಂಭವ ಹೆಚ್ಚು.

ಪ್ರಶ್ನೆ: ಒಂದೇ ಯಂತ್ರದಲ್ಲಿ ಟರ್ಕಿ ಮತ್ತು ಕೋಳಿ ಮೊಟ್ಟೆಗಳನ್ನು ಒಟ್ಟಿಗೆ ಇಡಬಹುದೇ?

ಉತ್ತರ: ಇಡಬಹುದು, ಆದರೆ ಒಂದೇ ದಿನ ಇಡಬಾರದು. ಕೋಳಿ ಮೊಟ್ಟೆಗೆ 21 ದಿನ, ಟರ್ಕಿ ಮೊಟ್ಟೆಗೆ 28 ದಿನ ಕಾವು ಬೇಕು. ಟರ್ಕಿ ಮೊಟ್ಟೆಗಳನ್ನು ಇಟ್ಟು ಸರಿಯಾಗಿ 7 ದಿನ ಕಳೆದ ಮೇಲೆ ಕೋಳಿ ಮೊಟ್ಟೆಗಳನ್ನು ಸೇರಿಸಿದರೆ ಟರ್ಕಿಗೆ 25 ದಿನ ತುಂಬಿದಾಗ ಕೋಳಿಗೆ 18 ತುಂಬುತ್ತದೆ. ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ ತೇವಾಂಶ ಏರಿಸುವ ಕೆಲಸ ಎರಡಕ್ಕೂ ಅಂದೇ ನಡೆಯುತ್ತದೆ. ಅಲ್ಲಿಯವರೆಗೆ ಕೈಯಿಂದ ತಿರುಗಿಸುವವರು ದಿನಕ್ಕೆ 3 ಅಥವಾ 5 ಸಲ ತಿರುಗಿಸಲಿ. ಬೆಸ ಸಂಖ್ಯೆಯಾದರೆ ದೀರ್ಘವಾದ ರಾತ್ರಿಯಲ್ಲಿ ಮೊಟ್ಟೆ ಪ್ರತಿ ಸಲ ಒಂದೇ ಮಗ್ಗುಲಲ್ಲಿ ಉಳಿಯುವುದಿಲ್ಲ.

ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಎರಡಕ್ಕೂ 37.5 ಡಿಗ್ರಿ ಸೆಲ್ಸಿಯಸ್ ಸರಿಹೋಗುತ್ತದೆ. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಮೇಲಿನ ಗಾಳಿ ಬಿಸಿಯಾಗಿಯೂ ಕೆಳಗಿನದು ತಣ್ಣಗೂ ಇರುವುದರಿಂದ ಮೊಟ್ಟೆಗಳ ಮೇಲ್ತುದಿಯ ಎತ್ತರದಲ್ಲಿ ಅಳೆದು 38.5ರ ಹತ್ತಿರ ಇಡಬೇಕಾಗುತ್ತದೆ. ಟರ್ಕಿ ಮೊಟ್ಟೆ ದೊಡ್ಡದಾದ್ದರಿಂದ ಅದರ ಮೇಲ್ಭಾಗ ಬಿಸಿಗೆ ಹೆಚ್ಚು ಹತ್ತಿರವಿರುತ್ತದೆ. ಹೀಗಾಗಿ ಫ್ಯಾನ್ ಇಲ್ಲದ ಯಂತ್ರದಲ್ಲಿ ಎರಡನ್ನೂ ಬೆರೆಸದಿರುವುದೇ ಒಳ್ಳೆಯದು.

ಪ್ರಶ್ನೆ: ಕಾವಿಗೆ ಇಡುವ ಮುನ್ನ ಮೊಟ್ಟೆಗಳನ್ನು ಎಷ್ಟು ದಿನ ಕೂಡಿಡಬಹುದು? ತೊಳೆಯಬೇಕೇ?

ಉತ್ತರ: ಒಂದು ವಾರ. ಅನಂತರ ಮರಿಯಾಗುವ ಪ್ರಮಾಣ ಇಳಿಯುತ್ತ ಹೋಗುತ್ತದೆ. 15ರಿಂದ 18 ಡಿಗ್ರಿಯ ತಂಪಾದ ಕೋಣೆಯಲ್ಲಿ ಚೂಪು ತುದಿ ಕೆಳಗಿರುವಂತೆ ಇಡಿ. ತೊಳೆಯಬೇಡಿ, ಚಿಪ್ಪಿನ ಮೇಲಿರುವ ತೆಳುವಾದ ರಕ್ಷಾಲೇಪ ಹೋದರೆ ಬ್ಯಾಕ್ಟೀರಿಯಾಗಳು ಸುಲಭವಾಗಿ ಒಳಸೇರುತ್ತವೆ. ಬಹಳ ಕೊಳೆಯಾದ ಮೊಟ್ಟೆಯನ್ನು ಇಡದಿರುವುದೇ ಉತ್ತಮ.

ಪ್ರಶ್ನೆ: ಚಿಪ್ಪಿನಲ್ಲಿ ತೂತು ಬಿದ್ದು ಹತ್ತು ಗಂಟೆಯಾದರೂ ಮರಿ ಹೊರಬರುವುದಿಲ್ಲ. ನಾವೇ ಬಿಡಿಸಬಹುದೇ?

ಉತ್ತರ: ದಯವಿಟ್ಟು ಕಾಯಿರಿ. ಮೊದಲ ತೂತಿನಿಂದ ಹೊರಬರುವ ತನಕ 24 ಗಂಟೆ ಹಿಡಿಯುವುದು ಅಸಹಜವಲ್ಲ, ಟರ್ಕಿ ಮರಿಗೆ ಇನ್ನೂ ಹೆಚ್ಚು ಹೊತ್ತು ಹಿಡಿಯಬಹುದು. ಹೊರಗಿನಿಂದ ಸುಮ್ಮನಿರುವಂತೆ ಕಂಡರೂ ಆ ಹೊತ್ತಿನಲ್ಲಿ ಪೊರೆಯ ರಕ್ತನಾಳಗಳಿಂದ ರಕ್ತ ಮರಿಯೊಳಕ್ಕೆ ಸರಿಯುತ್ತಿರುತ್ತದೆ, ಉಳಿದ ಹಳದಿ ಲೋಳೆ ಹೊಟ್ಟೆಯೊಳಕ್ಕೆ ಹೋಗುತ್ತಿರುತ್ತದೆ. ಅದಕ್ಕೆ ಮುಂಚೆ ಚಿಪ್ಪು ಬಿಡಿಸಿದರೆ ಮರಿ ರಕ್ತ ಸೋರಿ ಸಾಯುತ್ತದೆ. ಕಾತರದಿಂದ ಮುಚ್ಚಳ ತೆರೆಯುವುದೂ ಹಾನಿಯೇ: ತೇವವೆಲ್ಲ ಒಮ್ಮೆಲೇ ಹೊರಹೋಗಿ, ತೂತು ಬಿದ್ದ ಇತರ ಮೊಟ್ಟೆಗಳ ಪೊರೆ ಒಣಗಿ ಮರಿಗಳಿಗೆ ಬಿಗಿಯುತ್ತದೆ. ಒಂದು ದಿನ ಮೀರಿ, ಪೊರೆ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದು, ಮರಿ ಇನ್ನೂ ಕೂಗುತ್ತಿದ್ದರೆ ಮಾತ್ರ ಉಗುರುಬೆಚ್ಚಗಿನ ನೀರಿನಿಂದ ಪೊರೆಯನ್ನು ನೆನೆಸಿ ಚಿಪ್ಪನ್ನು ಸ್ವಲ್ಪಸ್ವಲ್ಪವೇ ತೆಗೆಯಿರಿ. ಕೆಂಪು ಗೆರೆ ಕಂಡ ಕೂಡಲೇ ಕೈ ನಿಲ್ಲಿಸಿ.

ಪ್ರಶ್ನೆ: ಟರ್ಕಿ ಮರಿಗಳು ಚೆನ್ನಾಗಿಯೇ ಹುಟ್ಟಿ, ಐದಾರು ದಿನಗಳಲ್ಲಿ ಸೊರಗಿ ಸಾಯುತ್ತಿವೆ. ಅದೇ ಗೂಡಿನಲ್ಲಿರುವ ಕೋಳಿ ಮರಿಗಳು ಚುರುಕಾಗಿವೆ. ಏಕೆ?

ಉತ್ತರ: ಹೆಚ್ಚಿನ ಪಾಲು ಹಸಿವೆಯಿಂದ. ಹೊಟ್ಟೆಯೊಳಗಿನ ಹಳದಿ ಲೋಳೆ ಮರಿಯನ್ನು ಎರಡು ಮೂರು ದಿನ ಸಾಕುತ್ತದೆ. ಅಷ್ಟರಲ್ಲಿ ತಿನ್ನಲು ಕಲಿಯದ ಮರಿ ಆಮೇಲೆ ಕುಸಿಯುತ್ತದೆ. ಕೋಳಿ ಮರಿ ತಾನಾಗಿ ಕಲಿಯುವುದನ್ನು ಟರ್ಕಿ ಮರಿಗೆ ಅನೇಕ ವೇಳೆ ನಾವು ಕಲಿಸಬೇಕಾಗುತ್ತದೆ. ಪ್ರತಿಯೊಂದರ ಕೊಕ್ಕನ್ನೂ ನೀರಿಗೆ ಮುಟ್ಟಿಸಿ. ಆಳವಿಲ್ಲದ ತಟ್ಟೆಯಲ್ಲಿ ಹೊಳೆಯುವ ಬಣ್ಣದ ಗೋಲಿಗಳನ್ನು ಹಾಕಿದರೆ ಮರಿಗಳು ಅವನ್ನು ಕುಕ್ಕಲು ಹೋಗಿ ನೀರು ಕುಡಿಯುತ್ತವೆ. ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತ ಬನ್ನಿ. ಆಹಾರದಲ್ಲಿ ಶೇ. 28ರಷ್ಟು ಪ್ರೋಟೀನ್ ಇರಬೇಕು, ಶೇ. 20ರ ಆಸುಪಾಸಿನ ಕೋಳಿ ಮರಿಯ ಆಹಾರ ಇವಕ್ಕೆ ಸಾಲದು.

ಚುರುಕಾದ ಕೋಳಿ ಮರಿಯನ್ನು ನೋಡಿ ಟರ್ಕಿ ಮರಿ ತಿನ್ನಲು ಕಲಿಯುವುದು ನಿಜವಾದರೂ, ಬೆಳೆದಂತೆ ಎರಡನ್ನೂ ಒಂದೇ ನೆಲದಲ್ಲಿ ಬಿಡಬೇಡಿ. ಬ್ಲ್ಯಾಕ್‌ಹೆಡ್ ಎಂಬ ರೋಗದ ಸೂಕ್ಷ್ಮಜೀವಿಯು ಕೋಳಿಯ ಕರುಳಿನ ಸಣ್ಣ ಹುಳುವಿನ ಮೊಟ್ಟೆಗಳಲ್ಲಿ ಅಡಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದನ್ನು ಹೊತ್ತ ಕೋಳಿ ಸಾಮಾನ್ಯವಾಗಿ ಆರೋಗ್ಯವಾಗಿಯೇ ಕಾಣುತ್ತದೆ, ಟರ್ಕಿಯಲ್ಲಿ ಮಾತ್ರ ಯಕೃತ್ತು ಹಾಳಾಗಿ ಇಡೀ ಹಿಂಡೇ ಸಾಯಬಹುದು. ಕೋಳಿಗಳು ಈ ಹಿಂದೆ ಓಡಾಡಿದ ಅಂಗಳವೂ ಟರ್ಕಿಗಳಿಗೆ ಬೇಡ.