ಸಂಕಟ ಇದ್ದರೂ ಜನ ಯಾಕೆ ಸೇರುವುದಿಲ್ಲ?

ಪ್ರಶ್ನೆ: ನಮ್ಮೂರ ಗೋಮಾಳ ಒತ್ತುವರಿಯಾಗಿದೆ. ದನ ಬಿಡಲು ಜಾಗವಿಲ್ಲ. ಎಲ್ಲರೂ ಬೈಯುತ್ತಾರೆ, ಸಭೆ ಕರೆದರೆ ನಾಲ್ಕೇ ಜನ ಬರುತ್ತಾರೆ. ಸಂಕಟ ಹೆಚ್ಚಾದರೆ ಹೋರಾಟ ತಾನಾಗಿ ಹುಟ್ಟುತ್ತದೆ ಅಂತಾರಲ್ಲ, ಇಲ್ಲಿ ಯಾಕೆ ಹುಟ್ಟಿಲ್ಲ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಧಾರವಾಡದಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವಾಗ ನಾನೂ ಹಾಗೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಹಳ್ಳಿಯಲ್ಲಿ ಸಂಕಟ ಯಾವಾಗಲೂ ಇರುತ್ತದೆ. ಹೋರಾಟ ಎಂದೋ ಒಮ್ಮೆ. ಹಾಗಾದರೆ ನಡುವೆ ಇನ್ನೇನೋ ಬೇಕು, ಅಲ್ವಾ?

ನಮ್ಮದು ನವಲಗುಂದದ ಕಡೆ ಎರಿ ಹೊಲ. 1980ರಲ್ಲಿ ಮಲಪ್ರಭಾ ನೀರಾವರಿ ಯೋಜನೆಯ ಅಭಿವೃದ್ಧಿ ಕರ ಕಟ್ಟಿ ಅಂತ ಅಪ್ಪನಿಗೆ ನೋಟಿಸು ಬಂತು. ನಮ್ಮ ಹೊಲಕ್ಕೆ ನೀರೇ ಹರಿದಿರಲಿಲ್ಲ. ವರಲಕ್ಷ್ಮಿ ಹತ್ತಿಯ ದರವೂ ಬಿದ್ದಿತ್ತು. ಅಪ್ಪ ನೋಟಿಸನ್ನು ಟ್ರಂಕಿನಲ್ಲಿ ಅರಿವೆಗಳ ಕೆಳಗೆ ಇಟ್ಟರು. ಅವ್ವನಿಗೂ ಹೇಳಲಿಲ್ಲ. ಬಾಕಿ ಅಂದರೆ ಮರ್ಯಾದೆಯ ಮಾತು. ಒಂದು ಸಂಜೆ ಹನುಮಪ್ಪನ ಗುಡಿ ಕಟ್ಟೆಯ ಮೇಲೆ, ಓದು ಬಾರದ ಹಿರಿಯರೊಬ್ಬರು ತಮ್ಮ ನೋಟಿಸನ್ನು ಹುಡುಗನೊಬ್ಬನ ಕೈಲಿ ಗಟ್ಟಿಯಾಗಿ ಓದಿಸಿದರು. ಪಕ್ಕದವರು "ನನಗೂ ಬಂದದ" ಅಂದರು. ಆಮೇಲೆ ಮತ್ತೊಬ್ಬರು. ಅಪ್ಪ ಮನೆಗೆ ಬಂದವರೇ ಟ್ರಂಕು ತೆಗೆದರು.

ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲೇ ಇದನ್ನು ಗುರುತಿಸಿದ್ದ. ಒಬ್ಬನ ತಾಪತ್ರಯ ಬೇರೆ, ಎಲ್ಲರ ಪ್ರಶ್ನೆ ಬೇರೆ. ಒಂದು ಇನ್ನೊಂದಾಗುವುದನ್ನು ನಾನು ಆ ಕಟ್ಟೆಯ ಮೇಲೆ ನೋಡಿದೆ.

ಆ ಕರದ ವಿರುದ್ಧ ರೈತರು ಬೀದಿಗಿಳಿದರು. ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗೋಲಿಬಾರ್ ಆಯಿತು. ರೈತರು ಸತ್ತರು. ನರಗುಂದದಲ್ಲಿ ಪೊಲೀಸರೂ ಸತ್ತರು. ಎರಡು ಕಡೆಯ ಮನೆಗಳನ್ನೂ ನೆನೆದು ಇಂದಿಗೂ ಸಂಕಟವಾಗುತ್ತದೆ. ಆ ವರ್ಷವೇ ರಾಜ್ಯ ರೈತಸಂಘ ಹುಟ್ಟಿತು.

ನಿಮ್ಮ ಸಭೆಯ ನಾಲ್ಕು ಜನರ ಬಗ್ಗೆ ಮ್ಯಾನ್ಸರ್ ಓಲ್ಸನ್ ಎಂಬ ಅರ್ಥಶಾಸ್ತ್ರಜ್ಞ 1965ರಲ್ಲಿ ಬರೆದದ್ದು ನೆನಪಾಗುತ್ತದೆ. ಗೋಮಾಳ ಉಳಿದರೆ ಸಭೆಗೆ ಬಾರದವನ ಎಮ್ಮೆಯೂ ಅಲ್ಲೇ ಮೇಯುತ್ತದೆ. ಹಾಗಿದ್ದಾಗ ಸುಮ್ನೆ ನಾನೊಬ್ಬ ಯಾಕೆ ಹಗೆ ಕಟ್ಟಿಕೊಳ್ಳಲಿ ಅಂತ ಪ್ರತಿಯೊಬ್ಬರಿಗೂ ಅನಿಸುತ್ತದೆ. ಅದು ಹೇಡಿತನ ಅಲ್ಲ, ಲೆಕ್ಕ. ದಯವಿಟ್ಟು ಅವರನ್ನು ಬೈಯಬೇಡಿ. ಸಣ್ಣ ಗುಂಪು ಈ ಲೆಕ್ಕವನ್ನು ಬೇಗ ಮೀರುತ್ತದೆ ಅಂತಲೂ ಓಲ್ಸನ್ ಹೇಳಿದ್ದ.

ಕುಸನೂರು ಈಗ ನಿಮ್ಮ ಜಿಲ್ಲೆಯಲ್ಲೇ ಇದೆ. ಹಳ್ಳಿಗಳ ಸಾಮೂಹಿಕ ಜಮೀನನ್ನು ನೀಲಗಿರಿ ಬೆಳೆಸಲು ಕೊಟ್ಟಾಗ, 1987ರ ನವೆಂಬರ್ 14ರಂದು ಅಲ್ಲಿ ಜನ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ನೆಟ್ಟರು. ಬರೀ ಬೇಡ ಅನ್ನಲಿಲ್ಲ, ಏನು ಬೇಕು ಅಂತಲೂ ತೋರಿಸಿದರು. ನನಗೆ ಇದು ಜಾಸ್ತಿ ಮುಖ್ಯ ಅನಿಸುತ್ತದೆ.

ಈಗ ನಿಮ್ಮ ಊರಿಗೆ ಬರೋಣ. ಗೋಮಾಳದ ಸರ್ವೆ ನಂಬರಿನ ಪಹಣಿ ತೆಗೆಸಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಊರ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಲು ಯೋಜನೆ ಮಾಡಿ ಅಂತ ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ತಹಶೀಲ್ದಾರರಿಗೆ ಕೊಡುವ ಅರ್ಜಿಯಲ್ಲಿ ಅದನ್ನು ಬರೆಯಿರಿ. ಆದರೆ ಅರ್ಜಿಗಿಂತ ಮೊದಲು ಕುರಿ ಕಾಯುವವರ ಮನೆಗೆ, ಎರಡು ಆಡು ಕಟ್ಟಿಕೊಂಡ ಹೆಂಗಸರ ಮನೆಗೆ ಹೋಗಿ. ನಿಮ್ಮ ಸಭೆ ಸಂಜೆ ಐದಕ್ಕಿದ್ದರೆ ಅವರು ಇನ್ನೂ ಅಡವಿಯಲ್ಲೇ ಇರುತ್ತಾರೆ. ರಾತ್ರಿ ಊಟ ಆದ ಮೇಲೆ ಕರೆಯಿರಿ.